ಸ್ಲೈಡಿನ ಕಂದು ಬಣ್ಣವನ್ನು ಎಷ್ಟು ನಂಬಬಹುದು?

ಬದಿಯಡ್ಕದ ಒಂದು ಮದುವೆ ಊಟ. ಪಕ್ಕದ ಎಲೆಯವರು ಕೇಳಿದರು: "ಡಾಕ್ಟ್ರೇ, ಅಮ್ಮನಿಗೆ ಮರೆವು ಜಾಸ್ತಿ ಆಗಿದೆ. ಆಲ್ಜೈಮರ್‌ಗೆ ಅದೇನೋ ಎಂಜೈಮ್ ಪರೀಕ್ಷೆ ಇದೆಯಂತಲ್ಲ, ಮಾಡಿಸಬಹುದಾ?"

ಸಾರು ಬರುವುದರೊಳಗೆ ಹೇಳಿ ಮುಗಿಸುವ ವಿಷಯವಲ್ಲ ಅದು. ಆ ಪರೀಕ್ಷೆ ಸಂಶೋಧನೆಗೆ ಮಾತ್ರ. ತೀರಿಹೋದವರು ದಾನ ಕೊಟ್ಟ ಮಿದುಳಿನ ಮೇಲೆ, ಇಲ್ಲವೇ ಇಲಿಯ ಮಿದುಳಿನ ಮೇಲೆ ಮಾಡುತ್ತಾರೆ. ಥೈರಾಯ್ಡ್ ತೊಂದರೆಯಿಂದ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಮೊದಲು ಅಮ್ಮನನ್ನು ನರರೋಗ ತಜ್ಞರಿಗೆ ತೋರಿಸಿ ಎಂದೆ.

ಅವರು ಕೇಳಿದ ಎಂಜೈಮಿನ ಹೆಸರು ಬೇಸ್-1. ಪತ್ತೆಯಾದದ್ದು 1999ರಲ್ಲಿ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ಮೊದಲ ಕತ್ತರಿ ಹಾಕುವುದು ಬೇಸ್-1, ಎರಡನೆಯದು ಗಾಮಾ ಸೆಕ್ರಿಟೇಸ್ ಎಂಬ ಇನ್ನೊಂದು ಎಂಜೈಮ್. ನಡುವೆ ಉದುರಿದ ತುಂಡೇ ಅಮಿಲಾಯ್ಡ್ ಬೀಟಾ. ಅದು ಗಂಟುಗಟ್ಟಿದರೆ ಪ್ಲಾಕ್, ಆಲ್ಜೈಮರ್ ಮಿದುಳಿನ ಗುರುತು.

ಬೇಸ್-1 ಎಲ್ಲಿದೆ ಎಂದು ನೋಡಲು ಅದನ್ನು ಗುರುತು ಹಿಡಿದು ಅಂಟುವ ಪ್ರೋಟೀನ್, ಅಂದರೆ ಆಂಟಿಬಾಡಿ ಬೇಕು. ಫಾರ್ಮಲಿನ್‌ನಲ್ಲಿಟ್ಟ ಮಿದುಳಿನ ತುಂಡನ್ನು ಮೇಣದಲ್ಲಿ ಕೂರಿಸಿ, ಸುಮಾರು 5 ಮೈಕ್ರಾನ್ ತೆಳುವಾಗಿ ಸೀಳುತ್ತೇವೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಅದನ್ನು ಸಡಿಲಿಸಲು ಸಿಟ್ರೇಟ್ ದ್ರಾವಣದಲ್ಲಿ ಬಿಸಿ ಮಾಡಬೇಕು. ಆಮೇಲೆ ಬೇಸ್-1ಕ್ಕೆ ಅಂಟುವ ಆಂಟಿಬಾಡಿ, ಅದರ ಬೆನ್ನಿಗೆ ಪೆರಾಕ್ಸಿಡೇಸ್ ಎಂಬ ಎಂಜೈಮ್ ಹೊತ್ತ ಇನ್ನೊಂದು ಆಂಟಿಬಾಡಿ. ಕೊನೆಗೆ ಡ್ಯಾಬ್ ಎಂಬ ರಾಸಾಯನಿಕ ಹಾಕಿದರೆ ಅಂಟಿದ ಜಾಗ ಕಂದಾಗುತ್ತದೆ. ಹಸಿ ಅಡಿಕೆ ಸುಲಿದವರ ಬೆರಳಿಗೆ ಹತ್ತುವ ಚೊಗರಿನ ಬಣ್ಣ. ತೊಳೆದರೂ ಹೋಗುವುದಿಲ್ಲ.

ಕಲಿಯುವ ದಿನಗಳಲ್ಲಿ ನನ್ನ ಮೊದಲ ಸ್ಲೈಡಿನಲ್ಲಿ ನರಕೋಶಗಳೆಲ್ಲ ಕಂದು. ಹಿಗ್ಗಿನಿಂದ ಮೇಷ್ಟ್ರ ಬಳಿ ಓಡಿದೆ. ಅವರು ಕೇಳಿದ್ದು ಒಂದೇ: "ಬೇಸ್-1 ಇಲ್ಲದ ಮಿದುಳಿಗೆ ಹಾಕಿ ನೋಡಿದ್ದೀಯಾ?" ನೋಡಿರಲಿಲ್ಲ. ಹಾಕಿದೆ. ಅದೂ ಅಷ್ಟೇ ಕಂದು! ಮೂರು ವಾರದ ಕೆಲಸ ಕಸದಬುಟ್ಟಿಗೆ.

ನಾಯಿ ಬೊಗಳಿತು ಎಂದ ಮಾತ್ರಕ್ಕೆ ತೋಟಕ್ಕೆ ಕಳ್ಳ ಬಂದ ಎಂದಲ್ಲ, ಅಲ್ವಾ? ಯಾರೂ ಬಾರದ ರಾತ್ರಿ ಅದು ಸುಮ್ನಿರುತ್ತದಾ ಎಂದೂ ನೋಡಬೇಕು. ನಮಗೆ ಆ ರಾತ್ರಿ ಸಿಕ್ಕಿದ್ದು ಬೇಸ್-1ರ ಜೀನನ್ನೇ ತೆಗೆದ ಇಲಿಗಳಿಂದ. 2001ರಲ್ಲಿ ಅವುಗಳ ವರದಿಗಳು ಬಂದವು. ಒಳ್ಳೆಯ ಆಂಟಿಬಾಡಿಯಾದರೆ ಸಾಮಾನ್ಯ ಇಲಿಯ ಹಿಪೊಕ್ಯಾಂಪಸ್‌ನಲ್ಲಿ (ಮಿದುಳಿನ ನೆನಪಿನ ಭಾಗ) ಮಾಸಿ ಫೈಬರ್ ಎಂಬ ನರತಂತುಗಳ ಪಟ್ಟಿ ಎದ್ದು ಕಾಣುತ್ತದೆ. ಜೀನಿಲ್ಲದ ಇಲಿಯಲ್ಲಿ ಆ ಪಟ್ಟಿ ಮಾಯ, ಕೋಶಗಳು ಕಾಣಲೆಂದು ಹಾಕುವ ಹೆಮಟಾಕ್ಸಿಲಿನ್ ಬಣ್ಣದ ನೀಲಿ ಮಾತ್ರ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್ ಮಾಡಿದರೂ ಹಾಗೆಯೇ: ಸುಮಾರು 70 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರದ ಗೆರೆ ಸಾಮಾನ್ಯ ಇಲಿಯಲ್ಲಿ ಇರಬೇಕು, ಜೀನಿಲ್ಲದ ಇಲಿಯಲ್ಲಿ ಇರಬಾರದು. ಮಾರುವವರ ಕರಪತ್ರದಲ್ಲಿ ಈ ಎರಡು ಚಿತ್ರ ಅಕ್ಕಪಕ್ಕ ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಈ ಪರೀಕ್ಷೆ ದಾಟಿದ ಆಂಟಿಬಾಡಿಯನ್ನು ಆಲ್ಜೈಮರ್ ಇದ್ದು ತೀರಿಹೋದವರ ಮಿದುಳಿನ ಸ್ಲೈಡಿಗೆ ಹಾಕಿದರೆ ಪ್ಲಾಕ್ ಸುತ್ತ ಊದಿಕೊಂಡ ನರತುದಿಗಳಲ್ಲಿ ಬೇಸ್-1 ಗುಂಪುಗೂಡಿದ್ದು ಕಾಣುತ್ತದೆ.

ಅಲ್ಲೂ ಒಂದು ಮೋಸವಿದೆ. ವಯಸ್ಸಾದವರ ನರಕೋಶದಲ್ಲಿ ಲಿಪೊಫ್ಯೂಸಿನ್ ಎಂಬ ಹಳದಿಗಂದು ಕಣಗಳು ತಾವಾಗಿಯೇ ಸೇರಿಕೊಂಡಿರುತ್ತವೆ. ಹೊಸಬರು ಅದನ್ನೇ ಡ್ಯಾಬ್ ಎಂದುಕೊಳ್ಳುತ್ತಾರೆ. ಅದಕ್ಕೇ ನಾನು ಮೊದಲ ಆಂಟಿಬಾಡಿ ಹಾಕದ ಸ್ಲೈಡನ್ನು ಮೊದಲು ನೋಡಿ, ಉಳಿದವನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇನೆ.