ಕಡಿಮೆ ಬಳಸುವವರ ಫೋನ್ ಜಾಸ್ತಿ ದಿನ ಬಾಳಬೇಕು

"ನಾನು ಫೋನ್ ಜಾಸ್ತಿ ಬಳಸಲ್ಲ, ಯಾವುದೋ ಒಂದು ಇದ್ರೆ ಸಾಕು."

ಫೋನ್ ರಿಪೇರಿ ಮಾಡಿಕೊಂಡು, ಕೇಳಿದವರಿಗೆ ಯಾವ ಫೋನ್ ತಗೋಬೇಕು ಅಂತ ಹೇಳಿಕೊಂಡು ಬದುಕುವ ನನಗೆ ಈ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಜಾಸ್ತಿ ಬಳಸುವವರ ವಿಷಯದಲ್ಲಿ ನನಗೆ ಚಿಂತೆ ಇಲ್ಲ. ಅವರು ಎರಡು ವರ್ಷಕ್ಕೆ ಹೇಗೂ ಫೋನ್ ಬದಲಾಯಿಸುತ್ತಾರೆ. ಆಯ್ಕೆ ಕೆಟ್ಟರೂ ಎರಡೇ ವರ್ಷ ಅನುಭವಿಸಬೇಕು. ನೀವು ಹಾಗಲ್ಲ. ಒಂದು ಸಲ ತಗೊಂಡರೆ ಆರು, ಏಳು ವರ್ಷ ಅದನ್ನೇ ಇಟ್ಟುಕೊಳ್ಳುತ್ತೀರಿ. ಸ್ಕ್ರೀನ್ ಒಡೆಯಲ್ಲ, ಹೊಸ ಮಾಡೆಲ್ ಬಂತು ಅಂತ ಆಸೆ ಪಡಲ್ಲ. ಅಂಥವರು "ಯಾವುದೋ ಒಂದು" ತಗೋಬಾರದು. ಯಾಕೆಂದರೆ ಫೋನಿಗೆ ವಯಸ್ಸಾಗುವುದು ನೀವು ಬಳಸಿದ್ದರಿಂದ ಮಾತ್ರ ಅಲ್ಲ. ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೂ ಅದಕ್ಕೆ ವಯಸ್ಸಾಗುತ್ತಲೇ ಇರುತ್ತದೆ.

ಕ್ಯಾಮೆರಾ, ಬಣ್ಣ, ಸ್ಕ್ರೀನ್ ಸೈಜು ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ಒಂದೇ ಎಚ್ಚರಿಕೆ: "ವರ್ಚುವಲ್ ರ್‍ಯಾಮ್" ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರ್‍ಯಾಮ್ ಅಂದರೆ ಫೋನ್ ಕೆಲಸ ಮಾಡುವಾಗ ಬಳಸುವ ವೇಗದ ಮೆಮೊರಿ. ವರ್ಚುವಲ್ ಅಂದರೆ ಸ್ಟೋರೇಜಿನ ಒಂದು ಪಾಲನ್ನೇ ರ್‍ಯಾಮ್ ಅಂತ ಬಳಸುವುದು. ನಿಜವಾದ ರ್‍ಯಾಮಿನ ವೇಗ ಅದಕ್ಕೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ಆಂಡ್ರಾಯ್ಡ್ ಫೋನಿಗೆ ಅದನ್ನು ಮಾಡಿದ ಕಂಪನಿ ಇಂತಿಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇನೆ ಅಂತ ಹೇಳಿರುತ್ತದೆ. ಆಮೇಲೆ ನಿಲ್ಲಿಸುತ್ತದೆ. ನಿಂತ ಮಾರನೇ ದಿನವೇ ಫೋನ್ ಕೆಡುವುದಿಲ್ಲ. ಕರೆ ಹೋಗುತ್ತದೆ, ಮೆಸೇಜ್ ಬರುತ್ತದೆ. ಆದರೆ ಹೊಸದಾಗಿ ಸಿಕ್ಕ ಲೋಪಗಳನ್ನು ಮುಚ್ಚುವವರು ಇರುವುದಿಲ್ಲ. ಇನ್ನೂ ಒಂದಷ್ಟು ವರ್ಷ ಕಳೆದರೆ ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ. 2025ರ ಆರಂಭದಲ್ಲಿ ವಾಟ್ಸಾಪ್ ಆಂಡ್ರಾಯ್ಡ್ 4.4 ಇದ್ದ ಫೋನುಗಳನ್ನು ಬಿಟ್ಟಿತು. ಅವುಗಳಲ್ಲಿ ಎಷ್ಟೋ ಫೋನುಗಳ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಯಾರಿಗೂ ತಲೆಗೆ ಹೋಗದ ಭಾಗ ಇನ್ನು ಮುಂದಿದೆ. ಈ ವರ್ಷಗಳ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಆ ಮಾಡೆಲ್ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. ನೀವು ಕೊಂಡ ದಿನದಿಂದ ಅಲ್ಲ. ಔಷಧಿಯ ಎಕ್ಸ್‌ಪೈರಿ ಇದ್ದ ಹಾಗೆ. ಮಾತ್ರೆ ನೀವು ಇವತ್ತು ಕೊಂಡಿರಬಹುದು, ಅದರ ಮೇಲಿನ ದಿನಾಂಕ ಅದಕ್ಕೆಲ್ಲ ಕಾಯುವುದಿಲ್ಲ. ಮೂರು ವರ್ಷ ಅಪ್‌ಡೇಟ್ ಇರುವ ಮಾಡೆಲ್ಲನ್ನು ಅದು ಬಂದ ಎರಡೂವರೆ ವರ್ಷದ ಮೇಲೆ, ಅರ್ಧ ಬೆಲೆಗೆ, ಸೀಲ್ ಒಡೆಯದ ಡಬ್ಬಿಯಲ್ಲಿ ಕೊಂಡರೆ ನಿಮಗೆ ಸಿಕ್ಕಿದ್ದು ಆರು ತಿಂಗಳು. ಡಬ್ಬಿ ಹೊಸದು, ಬಿಲ್ ಹೊಸದು, ಫೋನ್ ಮಾತ್ರ ಮುದುಕ.

ನಿವೃತ್ತರಾದ ಒಬ್ಬ ಮೇಷ್ಟ್ರು ಇಂಥದ್ದೇ ಒಂದನ್ನು ತಂದಿದ್ದರು. ಬೆಲೆ ಇಳಿದಾಗ ಕೊಂಡದ್ದು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ, ಅದರ ಮೇಲೇ ಬೆರಳಾಡಿಸುತ್ತಿದ್ದರು. "ಬ್ಯಾಂಕಿನ ಆ್ಯಪ್ ಹಾಕಿಕೊಳ್ಳೋಕೇ ಬಿಡ್ತಿಲ್ಲ ನೋಡಪ್ಪಾ" ಅಂದರು. ಸೆಟಿಂಗ್ಸ್ ತೆರೆದೆ. ಕೊನೆಯಲ್ಲಿ ಫೋನಿನ ವಿವರ ಅಂತ ಇರುತ್ತದೆ, ಅದರೊಳಗೆ ಆಂಡ್ರಾಯ್ಡ್ ವರ್ಷನ್, ಅದರ ಕೆಳಗೆ ಸೆಕ್ಯುರಿಟಿ ಅಪ್‌ಡೇಟಿನ ದಿನಾಂಕ. ಅವರ ಬಿಲ್ಲಿನ ದಿನಾಂಕಕ್ಕಿಂತ ಅದು ಎಷ್ಟೋ ಹಳೆಯದು. "ಸರ್, ಇದು ನಿಮ್ಮ ಕೈಗೆ ಬರೋ ಹೊತ್ತಿಗೇ ರಿಟೈರ್ ಆಗಿತ್ತು" ಅಂದೆ. ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ದುಡ್ಡಿಗೆ ಇನ್ನೊಂದು ಸ್ವಲ್ಪ ಸೇರಿಸಿದ್ದರೆ ಸರಿಯಾದದ್ದೇ ಬರುತ್ತಿತ್ತು.

ಹಾಗಾದರೆ ಕಡಿಮೆ ಬೆಲೆಯಲ್ಲಿ ಬಾಳಿಕೆ ಬರುವ ಫೋನೇ ಇಲ್ವಾ? ಇವೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ ಏಳು ವರ್ಷದ ಅಪ್‌ಡೇಟ್ ಕೊಡುತ್ತೇನೆ ಅಂದಾಗ ಅದು ದುಬಾರಿ ಫೋನಿನವರ ಭಾಗ್ಯ ಅಂತ ನಾವೆಲ್ಲ ಅಂದುಕೊಂಡೆವು. ಮರುವರ್ಷ ಸ್ಯಾಮ್‌ಸಂಗ್ ಕೆಳಗಿನ ದರ್ಜೆಯ ಗ್ಯಾಲಕ್ಸಿ ಎ16ಕ್ಕೆ ಆರು ವರ್ಷ ಅಂದಿತು. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. ಅಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ, ಒಂದು ಮಾಡೆಲ್ಲನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೆ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ಗಮನಿಸಿದಿರಾ? ಲೆಕ್ಕ ಶುರುವಾಗುವುದು ಬಂದ ದಿನದಿಂದ ಅಲ್ಲ, ನಿಂತ ದಿನದಿಂದ. ತಡವಾಗಿ ಕೊಂಡವರಿಗೂ ಹೆಚ್ಚುಕಡಿಮೆ ಐದು ವರ್ಷ. ಕೊಳ್ಳುವವರ ಕಡೆ ನಿಂತು ಬರೆದ ಲೆಕ್ಕ ಅಂದರೆ ಇದು. ಎಲ್ಲ ಕಡೆ ಇದು ಇಲ್ಲ. ಒಂದೇ ಕಂಪನಿ ಬೇರೆ ಬೇರೆ ಮಾಡೆಲ್ಲಿಗೆ ಬೇರೆ ಬೇರೆ ವರ್ಷ ಹೇಳುವುದೂ ಉಂಟು. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ಸಮಾಧಾನಪಡಬೇಡಿ, ಆ ಮಾಡೆಲ್ಲಿನ ಹೆಸರು ಹಾಕಿ ಕಂಪನಿಯ ಜಾಲತಾಣದಲ್ಲೇ ನೋಡಿ.

"ನನಗೆ ಆ್ಯಪೇ ಬೇಡ, ಕೀಪ್ಯಾಡ್ ಫೋನ್ ಕೊಡಿ" ಅನ್ನುವವರು ನನಗೆ ಇಷ್ಟ. ಬರೀ ಮಾತಾಡುವುದಕ್ಕಾದರೆ ಅದು ಒಳ್ಳೆಯ ಆಯ್ಕೆ. ಆದರೆ ಅಲ್ಲೂ ಕ್ಯಾಲೆಂಡರ್ ಬಿಡುವುದಿಲ್ಲ. ಹಳೆಯ 2ಜಿ, 3ಜಿ ಜಾಲಗಳನ್ನು ಹಲವು ದೇಶಗಳು ಮುಚ್ಚುತ್ತಿವೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿದವು. ಆಸ್ಟ್ರೇಲಿಯಾದ ಎರಡು ದೊಡ್ಡ ಕಂಪನಿಗಳು 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚತೊಡಗಿದಾಗ ಒಂದು ವಿಚಿತ್ರ ತೊಡಕು ಎದುರಾಗಿತ್ತು. ಕೆಲವು ಫೋನುಗಳು ಮಾಮೂಲಿ ಕರೆಯನ್ನು 4ಜಿಯಲ್ಲೇ ಮಾಡುತ್ತಿದ್ದವು, ತುರ್ತು ಕರೆಗೆ ಮಾತ್ರ 3ಜಿಗೆ ಇಳಿಯುತ್ತಿದ್ದವು. ಅವು ತುರ್ತಿನಲ್ಲಿ ಕೈಕೊಡುತ್ತವೆ ಅಂತ ಜಾಲದಿಂದಲೇ ತೆಗೆದುಹಾಕಬೇಕಾಯಿತು. ಕೈಯಲ್ಲಿರುವ ಫೋನ್ ಚೆನ್ನಾಗಿದೆ, ಆದರೆ ಜಾಲ ಒಳಗೆ ಬಿಡುತ್ತಿಲ್ಲ. ಆದ್ದರಿಂದ ಕೀಪ್ಯಾಡ್ ಫೋನೇ ಆಗಲಿ, 4ಜಿ ಇದೆಯಾ ಅಂತಷ್ಟೇ ಕೇಳಬೇಡಿ. 4ಜಿಯಲ್ಲಿ ಕರೆ ಹೋಗುತ್ತದಾ, ಅಂದರೆ ವೋಲ್ಟಿ ಇದೆಯಾ ಅಂತ ಕೇಳಿ. ನಿಮ್ಮ ಸಿಮ್ ಕಂಪನಿಯಲ್ಲಿ ಆ ಮಾಡೆಲ್ ನಡೆಯುತ್ತದಾ ಅಂತಲೂ ಕೇಳಿ. ಇನ್ನು ಕೀಪ್ಯಾಡ್ ಫೋನಿನಲ್ಲೇ ವಾಟ್ಸಾಪ್ ಬೇಕು ಅನ್ನುವವರಿಗೆ: ಕೈಓಎಸ್ (ಆ್ಯಪ್ ಹಾಕಿಕೊಳ್ಳಬಹುದಾದ ಕೀಪ್ಯಾಡ್ ಫೋನುಗಳ ಒಂದು ಆಪರೇಟಿಂಗ್ ಸಿಸ್ಟಮ್) ಇರುವ ಫೋನುಗಳಲ್ಲಿ ಹೊಸದಾಗಿ ವಾಟ್ಸಾಪ್ ಹಾಕಿಕೊಳ್ಳುವುದು 2024ರಲ್ಲೇ ನಿಂತಿದೆ. ಹಳೆಯ ಜಾಹೀರಾತು ನಂಬಿ ಹೋಗಬೇಡಿ.

ಬ್ಯಾಟರಿ ಬಗ್ಗೆ ಎರಡು ಮಾತು. ಕಡಿಮೆ ಬಳಸುವವರು ಎರಡು ಥರ. ಕೆಲವರು ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿಯೇ ಇಡುತ್ತಾರೆ. ಇನ್ನು ಕೆಲವರು ಆಫ್ ಮಾಡಿ ಡ್ರಾಯರಿನಲ್ಲಿ ಹಾಕಿ ತಿಂಗಳುಗಟ್ಟಲೆ ಮರೆತುಬಿಡುತ್ತಾರೆ. ಲಿಥಿಯಂ ಬ್ಯಾಟರಿಗೆ ಎರಡೂ ಒಗ್ಗುವುದಿಲ್ಲ. ಪೂರ್ತಿ ತುಂಬಿ ಬಿಸಿಯಲ್ಲಿ ಕೂತರೆ ಬೇಗ ಸವೆಯುತ್ತದೆ, ಪೂರ್ತಿ ಖಾಲಿಯಾಗಿ ಕೂತರೆ ಮತ್ತೆ ಏಳದೇ ಇರಬಹುದು. ಎತ್ತಿಡುವುದೇ ಆದರೆ ಸುಮಾರು ಅರ್ಧ ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಡಿ, ಆಗಾಗ ತೆಗೆದು ನೋಡಿ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಮಾತ್ರ ಒತ್ತಿ ಕೂರಿಸಬೇಡಿ, ದಯವಿಟ್ಟು. ಹಾಗೇ ತನ್ನಿ.

ಇನ್ನು ಪ್ಲಾನ್. ಫೋನಿಗೆ ಎರಡು ದಿನ ಯೋಚಿಸಿದವರು ಪ್ಲಾನನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ನಾಲ್ಕೈದು ವರ್ಷದ ರೀಚಾರ್ಜ್ ಕೂಡಿಸಿ ನೋಡಿ, ಎಷ್ಟೋ ಜನಕ್ಕೆ ಅದು ಫೋನಿನ ಬೆಲೆಯನ್ನೂ ಮೀರುತ್ತದೆ. ಇಲ್ಲೂ ಅದೇ ಎಡವಟ್ಟು: ನೋಡಬೇಕಾದ್ದು ದಿನ, ನೋಡುವುದು ಜಿಬಿ.

ನಿಮಗೆ ಎಷ್ಟು ಡೇಟಾ ಬೇಕು ಅಂತ ಅಂಗಡಿಯವರನ್ನು ಕೇಳಬೇಡಿ, ನಿಮ್ಮ ಫೋನನ್ನೇ ಕೇಳಿ. ಸೆಟಿಂಗ್ಸಿನ ನೆಟ್‌ವರ್ಕ್ ಭಾಗದಲ್ಲಿ ಡೇಟಾ ಬಳಕೆ ಅಂತ ಇರುತ್ತದೆ. ವೈಫೈ ಲೆಕ್ಕ ಬೇರೆ, ಮೊಬೈಲ್ ಡೇಟಾ ಲೆಕ್ಕ ಬೇರೆ ತೋರಿಸುತ್ತದೆ. ಮನೆಯಲ್ಲಿ ವೈಫೈ ಇರುವ ಎಷ್ಟೋ ಹಿರಿಯರ ತಿಂಗಳ ಮೊಬೈಲ್ ಡೇಟಾ ಒಂದು ಜಿಬಿ ಮುಟ್ಟಿರುವುದಿಲ್ಲ. ಬರೀ ಅಕ್ಷರದ ಮೆಸೇಜಿಗೆ ಡೇಟಾ ಖರ್ಚಾಗುವುದು ಲೆಕ್ಕಕ್ಕೇ ಇಲ್ಲ. ಸೆಕೆಂಡಿಗೆ 96 ಕಿಲೋಬಿಟ್ಟಿನ ಗುಣಮಟ್ಟದಲ್ಲಿ ಹಾಡು ಕೇಳಿದರೆ ಒಂದು ಗಂಟೆಗೆ ಸುಮಾರು 43 ಎಂಬಿ. ಅದೇ ವಿಡಿಯೋ ಆದರೆ ಸಾಧಾರಣ ಗುಣಮಟ್ಟಕ್ಕೇ ಗಂಟೆಗೆ 700 ಎಂಬಿ ಆಸುಪಾಸು ಹೋಗಬಹುದು. ಅಂದರೆ ನೀವು ಹೊರಗಡೆ ವಿಡಿಯೋ ನೋಡುತ್ತೀರಾ ಇಲ್ಲವಾ, ಬಹುಪಾಲು ತೀರ್ಮಾನ ಆಗುವುದು ಇಷ್ಟರಲ್ಲೇ. ನೋಡುವುದಿಲ್ಲ ಅನ್ನುವುದಾದರೆ ದಿನಕ್ಕೆ ಇಷ್ಟು ಜಿಬಿ ಅಂತ ಕೊಡುವ ಪ್ಲಾನ್ ನಿಮಗಲ್ಲ. ಆವತ್ತು ಉಳಿದದ್ದು ಆವತ್ತಿಗೇ ಹೋಯಿತು. "ಇರಲಿ ಬಿಡಿ, ಜಾಸ್ತಿ ಇದ್ರೆ ಒಳ್ಳೇದಲ್ವಾ" ಅನ್ನುತ್ತಾರೆ. ಬಳಸದ ಡೇಟಾ ಗಂಟು ಕಟ್ಟಿಡುವುದಕ್ಕೆ ಬರುವುದಿಲ್ಲ, ಸ್ವಾಮಿ.

ಬೆಲೆಯನ್ನು ವ್ಯಾಲಿಡಿಟಿ ದಿನಗಳಿಂದ ಭಾಗಿಸಿ. ದಿನಕ್ಕೆ ಎಷ್ಟು ಬೀಳುತ್ತದೆ ನೋಡಿ. ಎರಡು ಮೂರು ಪ್ಲಾನ್ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಒಟ್ಟಿಗೆ ಕಟ್ಟುವ ಉದ್ದದ ಪ್ಲಾನ್ ಹಲವು ಸಲ ಅಗ್ಗ ಬೀಳುತ್ತದೆ, ಯಾವಾಗಲೂ ಅಲ್ಲ. ನಿಮ್ಮ ಮನೆಯೊಳಗೆ ಸಿಗ್ನಲ್ ಸರಿಯಾಗಿ ಬರದ ಕಂಪನಿಗೆ ಮಾತ್ರ ವರ್ಷದ ದುಡ್ಡು ಮುಂಗಡ ಕಟ್ಟಬೇಡಿ.

ದುಡ್ಡು ಉಳಿಯುತ್ತದೆ ಅಂತ ರೀಚಾರ್ಜನ್ನೇ ಬಿಟ್ಟುಬಿಡುವವರೂ ಇದ್ದಾರೆ. ಒಬ್ಬ ಅಮ್ಮ ಅತ್ತುಕೊಂಡೇ ಬಂದಿದ್ದರು. ಹಳೇ ಸಿಮ್ಮನ್ನು ಬರೀ ಬ್ಯಾಂಕಿಗೆ ಅಂತ ಇಟ್ಟುಕೊಂಡು, ಕರೆಯೇ ಬರುವುದಿಲ್ಲವಲ್ಲ ಅಂತ ರೀಚಾರ್ಜ್ ನಿಲ್ಲಿಸಿದ್ದರು. ಒಂದು ದಿನ ಒಟಿಪಿ ಬರಲಿಲ್ಲ. ತಮ್ಮ ನಂಬರಿಗೆ ತಾವೇ ಕರೆ ಮಾಡಿದರೆ ಯಾರೋ ಹುಡುಗ ಎತ್ತಿಕೊಂಡು "ಯಾರು ಬೇಕಿತ್ತು ಆಂಟಿ?" ಅಂದನಂತೆ. ನಂಬರು ಕೈ ಬದಲಾಗಿತ್ತು. ಆ ಹುಡುಗನದ್ದು ಏನೂ ತಪ್ಪಿಲ್ಲ. ಬಹಳ ದಿನ ಸುಮ್ಮನಿದ್ದ ಪ್ರೀಪೇಯ್ಡ್ ನಂಬರನ್ನು ಕಂಪನಿಗಳು ವಾಪಸ್ ತಗೊಂಡು ಬೇರೆಯವರಿಗೆ ಕೊಡುತ್ತವೆ. ಅಮೆರಿಕದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಕಟ್ ಆದ ನಂಬರನ್ನು ಮತ್ತೊಬ್ಬರಿಗೆ ಕೊಡುವ ಮೊದಲು ಕನಿಷ್ಠ 45 ದಿನ ಬಿಡಬೇಕು ಅಂತ ನಿಯಮ ಇದೆ. ನಂಬರು ಕೈ ಬದಲಾಗಿದೆಯಾ ಅಂತ ಕಂಪನಿಗಳು ನೋಡಿಕೊಳ್ಳಲು 2021ರಿಂದ ಒಂದು ಡೇಟಾಬೇಸನ್ನೇ ಇಟ್ಟಿದ್ದಾರೆ. ಎಷ್ಟು ದಿನ ಅನ್ನುವುದು ದೇಶಕ್ಕೊಂದು, ಕಂಪನಿಗೊಂದು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ರೀಚಾರ್ಜ್ ಮುಗಿದ ಎಷ್ಟು ದಿನಕ್ಕೆ ಒಳಬರುವ ಮೆಸೇಜ್ ನಿಲ್ಲುತ್ತದೆ, ಎಷ್ಟು ದಿನಕ್ಕೆ ನಂಬರ್ ಹೋಗುತ್ತದೆ. ಬಾಯಲ್ಲಿ ಹೇಳಿದ್ದು ಸಾಲದು, ಮೆಸೇಜಿನಲ್ಲಿ ಕಳಿಸಿ ಅನ್ನಿ. ಆ ನಂಬರು ನಿಜವಾಗಿ ಬೇಡ ಅನ್ನಿಸಿದರೆ ಮೊದಲು ಬ್ಯಾಂಕು, ಇಮೇಲು ಎಲ್ಲ ಕಡೆ ಬದಲಾಯಿಸಿ, ಆಮೇಲೆ ಬಿಡಿ.

ಮಕ್ಕಳಿಗೂ ಒಂದು ಮಾತು. ನೀವು ಮೂರು ವರ್ಷ ಬಳಸಿದ ದುಬಾರಿ ಫೋನನ್ನು ಅಪ್ಪನಿಗೋ ಅಮ್ಮನಿಗೋ ಕೊಡುವುದು ತಪ್ಪೇನಲ್ಲ. ಎಷ್ಟೋ ಸಲ ಅದು ಅಗ್ಗದ ಹೊಸ ಫೋನಿಗಿಂತ ಚೆನ್ನಾಗಿರುತ್ತದೆ. ಕೊಡುವ ಮೊದಲು ಅಪ್‌ಡೇಟ್ ಇನ್ನೆಷ್ಟು ದಿನ ಇದೆ ನೋಡಿ, ಬ್ಯಾಟರಿ ಹೊಸದು ಹಾಕಿಸಿ, ನಿಮ್ಮ ಅಕೌಂಟ್ ತೆಗೆದು ಪೂರ್ತಿ ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಹಳೇ ಪಾಸ್‌ವರ್ಡ್ ಕೇಳಿಕೊಂಡು ಅಪ್ಪ ನನ್ನ ಮುಂದೆ ನಿಲ್ಲುತ್ತಾರೆ. ನೀವು ಮೀಟಿಂಗಿನಲ್ಲಿದ್ದೀರಿ ಅಂತ ಫೋನ್ ಎತ್ತುವುದಿಲ್ಲ.