ಅರ್ಧ ಅಲ್ಲ, ಮೂರರಲ್ಲಿ ಎರಡು

ತಮ್ಮನಿಗೆ ಬೀಟಾ ಥಲಸ್ಸೀಮಿಯಾ ಮೇಜರ್, ಅಂದರೆ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದು ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ಕಾಯಿಲೆ. ಅಣ್ಣನಿಗೆ 24 ವರ್ಷ, ಆರೋಗ್ಯವಾಗಿದ್ದಾನೆ. ಅವನು ವಾಹಕನಾಗಿರುವ, ಅಂದರೆ ಕೆಟ್ಟ ಜೀನು ಒಂದೇ ಇದ್ದು ತಾನು ಆರೋಗ್ಯವಾಗಿರುವ, ಸಂಭವ ಎಷ್ಟು? ಈ ಪ್ರಶ್ನೆಗೆ ವಿದ್ಯಾರ್ಥಿಗಳಿಂದ ಬರುವ ಉತ್ತರವನ್ನು ಉತ್ತರಪತ್ರಿಕೆ ತೆರೆಯದೆಯೇ ಹೇಳಬಹುದು: ಅರ್ಧ. ಪುನ್ನೆಟ್ ಚೌಕ (ತಂದೆ-ತಾಯಿಯ ಜೀನುಗಳು ಮಗುವಿನಲ್ಲಿ ಸೇರುವ ಬಗೆಗಳನ್ನು ತೋರಿಸುವ ನಾಲ್ಕು ಮನೆಯ ಚಿತ್ರ) ಸ್ಕೇಲು ಹಿಡಿದು ಗೀಚಿರುತ್ತಾರೆ, ನಾಲ್ಕು ಮನೆಯೂ ಸರಿಯಾಗಿ ತುಂಬಿರುತ್ತದೆ, ಅದರ ಕೆಳಗೇ 1/2 ಎಂದು ಬರೆದು ಎರಡು ಗೆರೆ ಎಳೆದಿರುತ್ತಾರೆ. ಎಂಬಿಬಿಎಸ್ ಮೊದಲ ವರ್ಷದಲ್ಲಿ ಬರೆದರೆ ಒಂದು ಮಾರ್ಕು ಹೋಗುತ್ತದೆ, ಅಷ್ಟೆ. ಇದನ್ನೇ ಓಪಿಡಿಯಲ್ಲಿ, ಮದುವೆ ಗೊತ್ತಾದವರ ಮುಂದೆ ಹೇಳಿದರೆ ಕೆಲಸ ಕೆಡುತ್ತದೆ.

ತಮ್ಮನಿಗೆ ಕಾಯಿಲೆ ಇದೆ ಎಂದರೆ ತಂದೆ-ತಾಯಿ ಇಬ್ಬರೂ ವಾಹಕರು. ಆಗ ಚೌಕದ ನಾಲ್ಕು ಮನೆಗಳಲ್ಲಿ ಒಂದು ಪೂರ್ತಿ ಸರಿ, ಎರಡು ವಾಹಕ, ಒಂದು ರೋಗಿ. ನಾಲ್ಕರಲ್ಲಿ ಎರಡು ಎನ್ನುವುದು ಇನ್ನೂ ಹುಟ್ಟದ ಮಗುವಿನ ಲೆಕ್ಕ, ಏಕೆಂದರೆ ಅದರ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಅಣ್ಣನ ಬಗ್ಗೆ ಗೊತ್ತಿದೆ: ಅವನಿಗೆ ಕಾಯಿಲೆ ಇಲ್ಲ. ಹಾಗಾದರೆ ನಾಲ್ಕನೆಯ ಮನೆಯಲ್ಲಿ ಅವನು ಇರಲಾರ. ಆ ಮನೆಯನ್ನು ಪೆನ್ನಿನಿಂದ ಹೊಡೆದು ಹಾಕಿ. ನಿಜವಾಗಿ ಹೊಡೆದು ಹಾಕಿ. ಮನಸ್ಸಿನಲ್ಲೇ ಹೊಡೆದವರು ಮತ್ತೆ ನಾಲ್ಕರಿಂದಲೇ ಭಾಗಿಸುತ್ತಾರೆ. ಉಳಿದದ್ದು ಮೂರು, ಅದರಲ್ಲಿ ವಾಹಕ ಎರಡು. ಉತ್ತರ 2/3. ಹೊಸ ಮಾಹಿತಿ ಬಂದಾಗ ಛೇದ ಬದಲಾಗಬೇಕು, ಇಡೀ ವಿಷಯ ಇಷ್ಟೇ.

ಮನೆ ಹೊಡೆಯುವ ಮುನ್ನ ವಯಸ್ಸು ಕೇಳಿ. ಥಲಸ್ಸೀಮಿಯಾ ಮೇಜರ್ ಸಾಮಾನ್ಯವಾಗಿ ಎರಡು ವರ್ಷದೊಳಗೆ ಬಯಲಾಗುತ್ತದೆ, ಆದ್ದರಿಂದ 24ರ ಹುಡುಗನಿಗೆ ಅನುಮಾನವಿಲ್ಲ. ಮೂರು ತಿಂಗಳ ತಂಗಿಗೆ ಈ ಮಾತು ನಡೆಯದು. ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಅವಳನ್ನು ಕಾಯುತ್ತಿದೆ. ವಿಲ್ಸನ್ ಕಾಯಿಲೆಯಲ್ಲಿ (ಮೈಯಲ್ಲಿ ತಾಮ್ರ ಸೇರಿಕೊಳ್ಳುವ, ಹೀಗೆಯೇ ಬರುವ ಕಾಯಿಲೆ) ಇದು ಇನ್ನೂ ಕಷ್ಟ. ಐದು ವರ್ಷಕ್ಕೆ ಮೊದಲು ಅದು ಲಕ್ಷಣ ತೋರಿಸುವುದೇ ಅಪರೂಪ. ಮೂರು ವರ್ಷದ ತಮ್ಮ ಆಡಿಕೊಂಡಿದ್ದಾನೆಂದು 2/3 ಎಂದು ಬರೆದರೆ ರೋಗಿಯೊಬ್ಬನನ್ನು ಕೈಯಾರೆ ಬಿಟ್ಟಂತೆ. ಅಲ್ಲಿ ನಾಲ್ಕೂ ಮನೆ ತೆರೆದೇ ಇವೆ.

ಈಗ ನಮ್ಮ ಕಡೆಯ ಮದುವೆಗೆ ಬರೋಣ. ಆ ಅಣ್ಣನಿಗೆ ಅಕ್ಕನ ಮಗಳನ್ನೇ ತರುತ್ತಿದ್ದಾರೆ. ಅಕ್ಕನೂ ಆರೋಗ್ಯವಂತೆ, ಅವಳಿಗೂ 2/3. ಅವಳ ಮಗಳಿಗೆ ಅದರ ಅರ್ಧ, 1/3. ಭಾವನ ಕಡೆಯಿಂದ ಬರಬಹುದಾದ ಸಣ್ಣ ಪಾಲನ್ನು ಬಿಟ್ಟಿದ್ದೇನೆ. ಮಗುವಿಗೆ ಕಾಯಿಲೆ ಬರುವ ಸಂಭವ 2/3 × 1/3 × 1/4, ಅಂದರೆ 1/18. ಅರ್ಧದಿಂದ ಹೊರಟವರು 1/32 ಎನ್ನುತ್ತಾರೆ. ಹೊರಗಿನ ಹುಡುಗಿಯಾದರೆ? ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ವಾಹಕರು ನೂರಕ್ಕೆ 3–4 ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು, ಸಮುದಾಯದಿಂದ ಸಮುದಾಯಕ್ಕೆ ತುಂಬಾ ಬದಲಾಗುತ್ತದೆ. 1/25 ಎಂದು ಹಿಡಿದರೆ 2/3 × 1/25 × 1/4 = 1/150.

ಸಂಬಂಧ ಎಷ್ಟು ಹತ್ತಿರದ್ದು ಎಂದು ಗೊತ್ತಿಲ್ಲದಿದ್ದರೆ ಈ ಲೆಕ್ಕ ಶುರುವೇ ಆಗುವುದಿಲ್ಲ. "ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರೆ "ಇಲ್ಲ, ಗೋತ್ರ ಬೇರೆ" ಎನ್ನುವವರುಂಟು. ಪಾಪ, ಅವರು ಸುಳ್ಳು ಹೇಳುತ್ತಿಲ್ಲ. ಸೋದರಮಾವನ ಗೋತ್ರ ಬೇರೆಯೇ, ಜೀನುಗಳು ಮಾತ್ರ ಬೇರೆಯಲ್ಲ. "ಮದುವೆಗೆ ಮುಂಚೆ ನಿಮ್ಮ ಅತ್ತೆಯವರನ್ನು ಏನೆಂದು ಕರೆಯುತ್ತಿದ್ದಿರಿ ಅಮ್ಮಾ?" ಎಂದು ಕೇಳಿ. "ಅಜ್ಜಿ" ಎಂದರೆ ಬಹುಪಾಲು ಸೋದರಮಾವನ ಜೊತೆಗಿನ ಮದುವೆ, ಮಗುವಿನ ಇನ್‌ಬ್ರೀಡಿಂಗ್ ಗುಣಾಂಕ (ಒಂದೇ ಪೂರ್ವಜರ ಒಂದೇ ಜೀನು ಎರಡೂ ಕಡೆಯಿಂದ ಬರುವ ಸಂಭವ) 1/8. ಸೋದರತ್ತೆಯ ಮಗನಾದರೆ 1/16. ದೊಡ್ಡಮ್ಮನ ಮಗನಾದರೂ ಅದೇ 1/16, ಆ ಮದುವೆಯನ್ನು ಮನೆಯವರು ಒಪ್ಪದಿದ್ದರೂ! ಪೆಡಿಗ್ರಿಯಲ್ಲಿ, ಅಂದರೆ ವಂಶವೃಕ್ಷದಲ್ಲಿ, ಸಂಬಂಧದ ಮದುವೆಗೆಂದು ಜೋಡಿಗೆರೆ ಎಳೆದು ಕೈತೊಳೆದುಕೊಳ್ಳಬೇಡಿ, ಯಾರು ಯಾರ ಮಕ್ಕಳೆಂದು ಮೇಲಿನ ಪೀಳಿಗೆಯವರೆಗೂ ಗೆರೆ ಕೂಡಿಸಿ. ಹಾಗೆಯೇ "ಎಷ್ಟು ಮಕ್ಕಳು?" ಎಂದರೆ ಬದುಕಿರುವವರ ಲೆಕ್ಕ ಮಾತ್ರ ಬರುತ್ತದೆ. ಎಷ್ಟು ಸಲ ಗರ್ಭ ನಿಂತಿತ್ತು, ಹುಟ್ಟಿ ಹೋದ ಮಕ್ಕಳಿದ್ದವೇ ಎಂದು ಮೆಲ್ಲಗೆ, ಬೇರೆಯಾಗಿ ಕೇಳಬೇಕು.

ಛೇದ ಮರೆಯುವ ಚಾಳಿ ಟೆಸ್ಟ್ ರಿಪೋರ್ಟ್ ಬಂದಾಗಲೂ ಬಿಡುವುದಿಲ್ಲ. ಬೇರೊಂದು ರಿಸೆಸಿವ್ ಕಾಯಿಲೆ (ಎರಡೂ ಜೀನು ಕೆಟ್ಟರೆ ಮಾತ್ರ ಬರುವಂಥದು), ಅದರ ಜೀನಿನ ದೋಷಗಳಲ್ಲಿ, ಅಂದರೆ ಮ್ಯುಟೇಶನ್‌ಗಳಲ್ಲಿ 90% ಹಿಡಿಯುವ ಪ್ಯಾನೆಲ್ ಪರೀಕ್ಷೆ, ರೋಗಿಯ ಅಣ್ಣನಿಗೆ ನೆಗೆಟಿವ್ ಎಂದಿಟ್ಟುಕೊಳ್ಳಿ. ಕೆಲವರು ಸೊನ್ನೆ ಎನ್ನುತ್ತಾರೆ. ಜಾಣರು 2/3 × 1/10 ಎಂದು 1/15 ಬರೆಯುತ್ತಾರೆ. ಎರಡೂ ತಪ್ಪು. ಇಂಥ 30 ಅಣ್ಣಂದಿರನ್ನು ಸಾಲಾಗಿ ನಿಲ್ಲಿಸಿ: 20 ವಾಹಕರು, 10 ಅಲ್ಲ. ಪ್ಯಾನೆಲ್ 18 ಜನರನ್ನು ಹಿಡಿಯಿತು, ಅವರು ಸಾಲಿನಿಂದ ಹೊರಗೆ. ನೆಗೆಟಿವ್ ಬಂದವರು 12, ಅದರಲ್ಲಿ ತಪ್ಪಿಸಿಕೊಂಡ ವಾಹಕರು 2. ಉಳಿದ ಸಂಭವ 1/6. ಮೊದಲು ರೋಗಿಯ ಮ್ಯುಟೇಶನ್‌ಗಳನ್ನೇ ಪತ್ತೆಹಚ್ಚಿ, ಅವನ್ನಷ್ಟೇ ಅಣ್ಣನಲ್ಲಿ ಹುಡುಕಿದ್ದರೆ ನೆಗೆಟಿವ್ ಎಂಬುದಕ್ಕೆ ನಿಜವಾದ ಬೆಲೆ ಇರುತ್ತಿತ್ತು. ಟೆಸ್ಟ್ ರೋಗಿಯಿಂದ ಶುರುವಾಗಬೇಕು ಎನ್ನುವುದು ಅದಕ್ಕೇ.

ಥಲಸ್ಸೀಮಿಯಾದಲ್ಲಿ ಸದ್ಯ ಇಷ್ಟು ಗುಣಾಕಾರ ಬೇಕಿಲ್ಲ, ವಾಹಕರು ರಕ್ತದಲ್ಲೇ ಸಿಗುತ್ತಾರೆ: ಎಂಸಿವಿ (ಕೆಂಪು ರಕ್ತಕಣದ ಗಾತ್ರ), ಎಂಸಿಎಚ್ (ಕಣವೊಂದರಲ್ಲಿರುವ ಹಿಮೋಗ್ಲೋಬಿನ್) ಕಡಿಮೆ, ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎ2 ಸಾಮಾನ್ಯವಾಗಿ 3.5%ಗಿಂತ ಹೆಚ್ಚು. ಕಬ್ಬಿಣದ ಕೊರತೆ ಇದ್ದರೆ ಎ2 ಇಳಿಯಬಹುದು. 3.3 ಬಂದದ್ದನ್ನು ನೋಡಿ "ವಾಹಕಳಲ್ಲ" ಎಂದು ಬರೆದುಬಿಡಬೇಡಿ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಿ, ಕಬ್ಬಿಣ ಕೊಟ್ಟು ಮತ್ತೆ ಮಾಡಿಸಿ, ಅನುಮಾನ ಉಳಿದರೆ ಡಿಎನ್‌ಎ. ಪರೀಕ್ಷೆಗೆ ಬಂದವಳು ಆಗಲೇ ಗರ್ಭಿಣಿಯಾಗಿದ್ದರೆ ಮಾತ್ರ ಅಷ್ಟು ದಿನ ಕಾಯುವ ಹಾಗಿಲ್ಲ. ಕೋರಿಯಾನಿಕ್ ವಿಲಸ್ ಪರೀಕ್ಷೆ (ಮಾಸುವಿನ ಚೂರು ತೆಗೆದು ಭ್ರೂಣದ ಜೀನು ನೋಡುವ ಪರೀಕ್ಷೆ) ಮಾಡುವುದು ಸಾಮಾನ್ಯವಾಗಿ 11–13ನೇ ವಾರದಲ್ಲಿ, ಅದಕ್ಕೆ ಮೊದಲು ದಂಪತಿಯ ಮ್ಯುಟೇಶನ್ ಗೊತ್ತಾಗಿರಬೇಕು. ಗಂಡನ ಸ್ಯಾಂಪಲ್ ಅವತ್ತೇ ತೆಗೆಸಿ.