ವೇರಿಯೋಮೀಟರ್ ಮುಳ್ಳು ಯಾರ ಲೆಕ್ಕ ಹೇಳುತ್ತಿದೆ?

ಮಾರ್ಚ್ ಬಂತೆಂದರೆ ಚಿಕ್ಕಬಳ್ಳಾಪುರದಲ್ಲಿ ಹನ್ನೊಂದು ಗಂಟೆಗೇ ಬಂಡೆ ಕಾಯುತ್ತದೆ. ಸ್ಕಂದಗಿರಿ ಕಡೆ ನೋಡಿದರೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿರುತ್ತವೆ. ಎಂಜಿನ್ ಇಲ್ಲದ ಗ್ಲೈಡರ್ ಏರುವುದೂ ಇಂಥದೇ ಬಿಸಿಗಾಳಿಯಲ್ಲಿ. ಥರ್ಮಲ್ ಅನ್ನುತ್ತಾರೆ. ಹದ್ದಿಗೆ ಮೈಗೇ ಗೊತ್ತಾಗುತ್ತದೆ, ಮನುಷ್ಯನಿಗೆ ಮೀಟರ್ ಬೇಕು. ಎಷ್ಟು ಜೋರಾಗಿ ಏರುತ್ತಿದ್ದೇವೆ, ಇಳಿಯುತ್ತಿದ್ದೇವೆ ಎಂದು ಮುಳ್ಳಿನಲ್ಲಿ ತೋರಿಸುವ ಅದೇ ವೇರಿಯೋಮೀಟರ್. ಗ್ಲೈಡರ್ ಕಲಿಯಲು ಪುಣೆಗೆ ಹೋಗಿಬಂದ ನಮ್ಮ ಬೀದಿಯ ಹುಡುಗ ಕೇಳಿದ: "ಅಣ್ಣ, ಮುಳ್ಳು ಒಂದೇ, ಮೋಡ್ ಬದಲಾಯಿಸಿದರೆ ಬೇರೆ ಬೇರೆ ತೋರಿಸುತ್ತೆ. ಯಾವುದನ್ನ ನಂಬಲಿ?"

ಮೊದಲು ಇಷ್ಟು ಗೋಜಲಿರಲಿಲ್ಲ. ಒಂದು ಥರ್ಮಾಸ್ ಫ್ಲಾಸ್ಕ್, ಅದಕ್ಕೊಂದು ಸಣ್ಣ ಕೊಳವೆ. ಗ್ಲೈಡರ್ ಏರಿದಂತೆ ಹೊರಗಿನ ಒತ್ತಡ ಕಮ್ಮಿಯಾಗಿ ಫ್ಲಾಸ್ಕಿನ ಗಾಳಿ ಹೊರಗೆ ಹರಿಯುತ್ತದೆ. ಹರಿವು ಜೋರಾದಷ್ಟೂ ಮುಳ್ಳು ಮೇಲೆ. 1920ರ ದಶಕದ ಕೊನೆಗೆ ಗ್ಲೈಡರ್ ಪೈಲಟ್ ರಾಬರ್ಟ್ ಕ್ರೋನ್‌ಫೆಲ್ಡ್ ಇಂಥದನ್ನು ಇಟ್ಟುಕೊಂಡೇ ಥರ್ಮಲ್ ಹುಡುಕಿದರು.

ತೊಂದರೆ ಶುರುವಾದದ್ದು ಸ್ಟಿಕ್‌ನಿಂದ, ಅಂದರೆ ಗ್ಲೈಡರ್‌ನ ಮೂತಿ ಏರಿಸಿ ಇಳಿಸುವ ಹಿಡಿಯಿಂದ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೋಗುತ್ತಾ ಸ್ಟಿಕ್ ಹಿಂದಕ್ಕೆಳೆದು 90ಕ್ಕೆ ಇಳಿಸಿ ನೋಡಿ. ಗ್ಲೈಡರ್ ಸುಮಾರು 55 ಮೀಟರ್ ಮೇಲೇರುತ್ತದೆ. ಗಾಳಿ ಸುಮ್ನೆ ನಿಂತಿದ್ದರೂ ಮುಳ್ಳು ಜಿಗಿಯುತ್ತದೆ. ಪೈಲಟ್ ಥರ್ಮಲ್ ಸಿಕ್ಕಿತೆಂದು ತಿರುಗುತ್ತಾನೆ, ಅಲ್ಲಿ ಏನೂ ಇರುವುದಿಲ್ಲ. ಇದಕ್ಕೆ 'ಸ್ಟಿಕ್ ಥರ್ಮಲ್' ಎಂದೇ ಹೆಸರು. ಮದ್ದು ತುಂಬಾ ಚೆನ್ನಾಗಿದೆ. ಬಾಲದ ಹತ್ತಿರ ಒಂದು ಸಣ್ಣ ನಳಿಗೆ. ವೇಗ ಹೆಚ್ಚಿದಷ್ಟೂ ಅದು ಗಾಳಿಯನ್ನು ಜಾಸ್ತಿ ಹೀರುತ್ತದೆ. ವೇಗ ಇಳಿದಾಗ ಹೀರುವುದು ಕಮ್ಮಿಯಾಗಿ, ಎತ್ತರ ಏರಿದ್ದರಿಂದ ಕುಸಿದ ಒತ್ತಡವನ್ನು ಸರಿದೂಗಿಸುತ್ತದೆ. ವೇಗ ಮಾರಿ ಕೊಂಡ ಎತ್ತರ ಲೆಕ್ಕಕ್ಕಿಲ್ಲ. ಇದು ಟೋಟಲ್ ಎನರ್ಜಿ ಮೋಡ್. ನನ್ನ ಕೇಳಿದರೆ ಈ ಕಥೆಯಲ್ಲಿ ಇದರಷ್ಟು ಜಾಣ ಕೆಲಸ ಇನ್ನೊಂದಿಲ್ಲ. ಬ್ಯಾಟರಿ ಕೂಡ ಬೇಡ.

ಆಮೇಲೆ ಎಷ್ಟು ವೇಗದಲ್ಲಿ ಹೋಗಬೇಕೆಂಬ, ಅಮೆರಿಕದ ಗ್ಲೈಡರ್ ಪೈಲಟ್ ಪಾಲ್ ಮ್ಯಾಕ್‌ಕ್ರೆಡಿ ಅವರ ಲೆಕ್ಕ ಬಂತು, ಎಲೆಕ್ಟ್ರಾನಿಕ್ಸ್ ಬಂತು, ಕಿವಿಗೆ ಬೀಪ್ ಬಂತು, ಒಂದೇ ಡಯಲ್‌ಗೆ ಎಲ್ಲ ತುಂಬಿದರು.

ಒಂದು ಉದಾಹರಣೆ ನೋಡಿ. ಗಾಳಿ ಸೆಕೆಂಡಿಗೆ 2 ಮೀಟರ್ ಏರುತ್ತಿದೆ. ವೇಗವಾಗಿ ಹೋಗುವ ಗ್ಲೈಡರ್ ತಾನಾಗಿ 1.5 ಮೀಟರ್ ಇಳಿಯುತ್ತಿದೆ. ಟೋಟಲ್ ಎನರ್ಜಿಯಲ್ಲಿ ಮುಳ್ಳು 0.5 ತೋರಿಸುತ್ತದೆ, ಅದು ಗ್ಲೈಡರ್ ಲೆಕ್ಕ. ನೆಟ್ಟೋ ಮೋಡ್‌ನಲ್ಲಿ 2, ಅದು ಗಾಳಿಯ ಲೆಕ್ಕ. ಸೂಪರ್ ನೆಟ್ಟೋ ಇನ್ನೂ ಮುಂದೆ ಹೋಗುತ್ತದೆ: 'ಈಗ ನಿಧಾನ ಮಾಡಿ ಸುತ್ತಿದರೆ ಎಷ್ಟು ಸಿಗುತ್ತೆ?' ಸುತ್ತುವಾಗ ಇಳಿಯುವುದು 0.7 ಆದರೆ ಉತ್ತರ 1.3. ಮೂರೂ ನಿಜವೇ, ಪ್ರಶ್ನೆ ಬೇರೆ ಅಷ್ಟೆ. ಇದರ ಜೊತೆಗೆ ಸ್ಪೀಡ್ ಮೋಡ್ ಇದೆ. ಅಲ್ಲಿ ಅದೇ ಮುಳ್ಳು ಗಾಳಿಯ ಮಾತೇ ಆಡುವುದಿಲ್ಲ, ವೇಗ ಹೆಚ್ಚಿಸು ಇಲ್ಲವೇ ಇಳಿಸು ಅನ್ನುತ್ತದೆ.

ಅದಕ್ಕೇ ಹುಡುಗನಿಗೆ ಹೇಳಿದೆ: ಸುತ್ತುವಾಗ ಟೋಟಲ್ ಎನರ್ಜಿ, ಜೊತೆಗೆ 20–30 ಸೆಕೆಂಡಿನ ಸರಾಸರಿ ನೋಡು, ಸುತ್ತದೆ ಮುಂದೆ ಸಾಗುವಾಗ ನೆಟ್ಟೋ. ಕೆಲವು ಮೀಟರ್‌ಗಳು ತಾವೇ ಮೋಡ್ ಬದಲಿಸಿಕೊಳ್ಳುತ್ತವೆ, ಅದೂ ಗೊತ್ತಿರಲಿ. ಅವನು ಫೋನ್‌ನಲ್ಲಿ ತನ್ನ ಡಯಲ್‌ನ ಫೋಟೋ ತೋರಿಸಿದ. ಮುಳ್ಳು ಎದ್ದು ಕಾಣುತ್ತಿತ್ತು. ಯಾವ ಮೋಡ್ ಎಂದು ಹೇಳುವ ಅಕ್ಷರ ಹುಡುಕಲು ಇಬ್ಬರೂ ಫೋಟೋ ದೊಡ್ಡದು ಮಾಡಬೇಕಾಯಿತು.